ಬೆಳಕು ಬಿದ್ದರಷ್ಟೇ ಮದ್ದು

1912ರ ಅಕ್ಟೋಬರ್. ಫ್ರೀಡ್ರಿಶ್ ಮೇಯರ್-ಬೆಟ್ಸ್ ಎಂಬ ಜರ್ಮನ್ ವೈದ್ಯ ತನ್ನ ರಕ್ತನಾಳಕ್ಕೆ ತಾನೇ ಒಂದು ಚುಚ್ಚುಮದ್ದು ತೆಗೆದುಕೊಂಡ. ಸಿರಿಂಜಿನಲ್ಲಿದ್ದದ್ದು 200 ಮಿಲಿಗ್ರಾಂ ಹೆಮಟೋಪಾರ್ಫಿರಿನ್. ರಕ್ತದ ಕೆಂಪು ವಸ್ತುವಿನಿಂದ ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿದ ಬಣ್ಣ ಅದು. ಚುಚ್ಚಿಕೊಂಡಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆದದ್ದು ಆತ ಬಿಸಿಲಿಗೆ ಹೋದ ಮೇಲೆ. ಮುಖ, ಕೈ ಊದಿಕೊಂಡವು. ಕಣ್ಣು ಮುಚ್ಚಿಹೋಗುವಷ್ಟು ಬಾವು. ಆಗ ತೆಗೆದ ಭಾವಚಿತ್ರಗಳು ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿವೆ. ಅದು ಅದೇ ಮನುಷ್ಯನ ಮುಖವೆಂದು ನಂಬುವುದು ಕಷ್ಟ. ಬಟ್ಟೆಯ ಮರೆಯಲ್ಲಿದ್ದ ಮೈಗೆ ಮಾತ್ರ ಏನೂ ಆಗಿರಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲ ಆತನಿಗೆ ಬಿಸಿಲು ಶತ್ರುವಾಗಿಯೇ ಉಳಿಯಿತು.

ಆ ವೈದ್ಯನನ್ನು ಗೋಳುಹೊಯ್ದುಕೊಂಡ ಗುಣವೇ ಇಂದು ಕ್ಯಾನ್ಸರ್ ಚಿಕಿತ್ಸೆಯ ಒಂದು ಆಯುಧ. ಕತ್ತಲಲ್ಲಿ ಸಾಧುವಾಗಿದ್ದು, ಬೆಳಕು ಬಿದ್ದೊಡನೆ ಸುತ್ತಲಿನ ಜೀವಕೋಶಗಳನ್ನು ಸುಡುವ ವಸ್ತುವೊಂದು ಕೈಯಲ್ಲಿದ್ದರೆ, ಗಡ್ಡೆ ಇರುವ ಜಾಗಕ್ಕೆ ಮಾತ್ರ ಬೆಳಕು ಬಿಟ್ಟರಾಯಿತಲ್ಲ? ಕತ್ತಿ ಬೇಡ, ವಿಕಿರಣ ಬೇಡ, ಕೂದಲು ಉದುರುವ ಕಾಟವೂ ಇಲ್ಲ. ಹೇಳುವುದಕ್ಕೆ ಸುಲಭ. ಆದರೆ ಮೇಯರ್-ಬೆಟ್ಸ್‌ನ ಊದಿದ ಮುಖ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಬಣ್ಣ ಗಡ್ಡೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಮೈಯೆಲ್ಲ ಹರಡಿಕೊಂಡು, ಚರ್ಮದಲ್ಲಿ ವಾರಗಟ್ಟಲೆ ಠಿಕಾಣಿ ಹೂಡುತ್ತದೆ. ಅದನ್ನು ಗಡ್ಡೆಗೆ ತಲುಪಿಸುವುದು ಹೇಗೆ? ದಾರಿಯುದ್ದಕ್ಕೂ ಬಾಯಿ ಮುಚ್ಚಿಸಿ ಇಡುವುದು ಹೇಗೆ? ನೂರು ವರ್ಷ ವಿಜ್ಞಾನಿಗಳ ತಲೆ ತಿಂದ ಪ್ರಶ್ನೆಗಳಿವು. ಕೊನೆಗೆ ಉತ್ತರದ ಎಳೆ ಸಿಕ್ಕಿದ್ದು ಮೊಟ್ಟೆಯ ಭಂಡಾರದಲ್ಲೂ ನಮ್ಮ ಮೈಯಲ್ಲೂ ಇರುವ ಜಿಡ್ಡಿನಲ್ಲಿ.

ಗುಡುಗು ಬಂದ ದಿನ

ಕಥೆ ಶುರುವಾದದ್ದು ಒಬ್ಬ ವಿದ್ಯಾರ್ಥಿಯಿಂದ. ಮ್ಯೂನಿಕ್ ನಗರದಲ್ಲಿ ಪ್ರೊಫೆಸರ್ ಹೆರ್ಮನ್ ಫಾನ್ ಟಾಪೈನರ್ ಅವರ ಕೈಕೆಳಗೆ ವೈದ್ಯಕೀಯ ಓದುತ್ತಿದ್ದ ಆಸ್ಕರ್ ರಾಬ್‌ಗೆ ಒಪ್ಪಿಸಿದ್ದ ಕೆಲಸ ಬೇಸರದ್ದು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳಿರುವ ನೀರಿಗೆ ಅಕ್ರಿಡೀನ್ ಎಂಬ ರಾಸಾಯನಿಕದ ಹನಿ ಹಾಕುವುದು, ಅವು ಸಾಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡುತ್ತ ಕೂರುವುದು. ಹೈಸ್ಕೂಲು ಜೀವಶಾಸ್ತ್ರದಲ್ಲಿ ಚಪ್ಪಲಿಯಾಕಾರದ ಚಿತ್ರ ಬಿಡಿಸಿದವರಿಗೆ ಪ್ಯಾರಮೀಸಿಯಂ ಹೊಸಬನಲ್ಲ.

ಲೆಕ್ಕ ಮಾತ್ರ ತಾಳೆಯಾಗುತ್ತಿರಲಿಲ್ಲ. ಅದೇ ಪ್ರಮಾಣದ ಅಕ್ರಿಡೀನ್. ಒಂದು ದಿನ ಜೀವಿಗಳು ಬೇಗ ಸಾಯುತ್ತಿದ್ದವು, ಇನ್ನೊಂದು ದಿನ ಹಾಯಾಗಿ ಈಜಾಡುತ್ತಿದ್ದವು. ಇಂಥ ಸಂದರ್ಭದಲ್ಲಿ ಸಾಮಾನ್ಯ ವಿದ್ಯಾರ್ಥಿ ಏನು ಮಾಡುತ್ತಾನೆಂಬುದು ಪ್ರಾಕ್ಟಿಕಲ್ ರೆಕಾರ್ಡ್ ಬರೆದ ಎಲ್ಲರಿಗೂ ಗೊತ್ತು. ರಾಬ್ ಅಂಕಿಗಳನ್ನು ತಿದ್ದಲಿಲ್ಲ. ಪ್ರಯೋಗ ನಡೆದ ಒಂದು ದಿನ ಗುಡುಗು ಮಿಂಚಿನ ಮಳೆ ಬಂದು ಕೋಣೆಯ ಬೆಳಕು ಬದಲಾಗಿತ್ತು ಎಂಬುದು ಆತನಿಗೆ ಹೊಳೆಯಿತೆಂದು ಹೇಳುತ್ತಾರೆ. ಕತ್ತಲಲ್ಲಿ ಮಾಡಿದ, ಬೆಳಕಲ್ಲಿ ಮಾಡಿದ. ಅಕ್ರಿಡೀನ್ ಒಂದೇ ಇದ್ದರೆ ಆ ಜೀವಿಗಳಿಗೆ ಅಷ್ಟೇನೂ ಕೇಡಿಲ್ಲ. ಬೆಳಕು ಒಂದೇ ಇದ್ದರೂ ಕೇಡಿಲ್ಲ. ಎರಡೂ ಸೇರಿದರೆ ಸಾವು. 1900ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಇದಕ್ಕೆ ಆಮ್ಲಜನಕವೂ ಬೇಕೆಂಬುದನ್ನು ಟಾಪೈನರ್ ಮತ್ತು ಸಂಗಡಿಗರು ಕೆಲವೇ ವರ್ಷಗಳಲ್ಲಿ ತೋರಿಸಿ, 'ಫೋಟೋಡೈನಮಿಕ್' ಎಂಬ ಹೆಸರಿಟ್ಟರು. 1903ರ ಹೊತ್ತಿಗಾಗಲೇ ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಚರ್ಮದ ಗಡ್ಡೆಗಳಿಗೆ ಹಚ್ಚಿ ಬೆಳಕಿಗೊಡ್ಡಿ ನೋಡಿದ್ದೂ ಆಗಿತ್ತು.

ಅಂದಹಾಗೆ, ಔಷಧಿಯ ಜತೆ ಬಿಸಿಲು ಸೇರಿಸುವ ಉಪಾಯ ನಮ್ಮ ದೇಶಕ್ಕೆ ಹೊಸದಲ್ಲ. ತೊನ್ನಿಗೆ ಬಾವಂಚಿ ಬೀಜದ ಔಷಧ ಕೊಟ್ಟು ಬಿಸಿಲು ಕಾಯಿಸುವುದು ಆಯುರ್ವೇದದಲ್ಲಿ ಬಹಳ ಹಳೆಯ ಪದ್ಧತಿ. ಅದರಲ್ಲಿರುವ ಸೊರಾಲೆನ್ ಎಂಬ ವಸ್ತು ಅತಿನೇರಳೆ ಕಿರಣಕ್ಕೆ ಎಚ್ಚರಗೊಳ್ಳುತ್ತದೆಂಬುದು ಈಗ ಗೊತ್ತಾಗಿದೆ. ಆದರೆ ಅದು ಕೆಲಸ ಮಾಡುವ ರೀತಿ ಬೇರೆ. ರಾಬ್ ಕಂಡದ್ದು ಆಮ್ಲಜನಕದ ಆಟ.

ಆಮ್ಲಜನಕಕ್ಕೆ ಬರುವ ಸಿಟ್ಟು

ಪಾರ್ಫಿರಿನ್‌ಗಳು ಉಂಗುರದ ಆಕಾರದ ಅಣುಗಳು. ಉಂಗುರದ ನಡುವೆ ಕಬ್ಬಿಣ ಕೂತರೆ ಅದು ಹೀಮ್, ನಮ್ಮ ರಕ್ತದ ಕೆಂಪು. ಉಂಗುರ ಕೊಂಚ ಬದಲಾಗಿ ನಡುವೆ ಮೆಗ್ನೀಸಿಯಂ ಕೂತರೆ ಪತ್ರಹರಿತ್ತು, ಎಲೆಯ ಹಸಿರು. ಮನುಷ್ಯನ ರಕ್ತಕ್ಕೂ ಬೇಲಿಯ ಮೇಲಿನ ಬಳ್ಳಿಗೂ ಇಂಥ ದಾಯಾದಿ ಸಂಬಂಧವಿದೆ. ಕಬ್ಬಿಣ ನಡುವೆ ಇರುವತನಕ ಹೀಮ್ ಬಿಸಿಲಿಗೆ ಬೆದರುವುದಿಲ್ಲ. ಹೀರಿದ ಬೆಳಕಿನ ಶಕ್ತಿಯನ್ನು ಕ್ಷಣಾರ್ಧದಲ್ಲಿ ಶಾಖವಾಗಿ ಚೆಲ್ಲಿಬಿಡುತ್ತದೆ. ಕಬ್ಬಿಣ ತೆಗೆದರೆ ತೊಂದರೆ. ಪಾರ್ಫೀರಿಯ ಎಂಬ ಅಪರೂಪದ ಕಾಯಿಲೆಯ ಕೆಲವು ಬಗೆಗಳಲ್ಲಿ ಕಬ್ಬಿಣವಿಲ್ಲದ ಇಂಥ ಉಂಗುರಗಳು ದೇಹದಲ್ಲಿ ಕೂಡಿಕೊಂಡು, ರೋಗಿ ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆಯೇಳುತ್ತದೆ.

ಕಬ್ಬಿಣವಿಲ್ಲದ ಉಂಗುರಕ್ಕೆ ಬೆಳಕು ಬಿದ್ದಾಗ ಶಕ್ತಿಯನ್ನು ಅದು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಆಮ್ಲಜನಕದ ಅಣು ಸುಳಿದರೆ ಶಕ್ತಿಯನ್ನು ಅದಕ್ಕೆ ದಾಟಿಸುತ್ತದೆ. ಉಸಿರಾಡುವ ಸೌಮ್ಯ ಆಮ್ಲಜನಕ ಆಗ 'ಸಿಂಗ್ಲೆಟ್ ಆಮ್ಲಜನಕ' ಎಂಬ ಉಗ್ರರೂಪ ತಾಳಿ, ಸಿಕ್ಕಿದ ಕೊಬ್ಬು, ಸಿಕ್ಕಿದ ಪ್ರೋಟೀನಿಗೆ ಕೈ ಹಾಕುತ್ತದೆ. ಕೋಶದ ಪೊರೆ ಹರಿಯುತ್ತದೆ. ಗಡ್ಡೆಗೆ ಅನ್ನನೀರು ಒಯ್ಯುವ ರಕ್ತನಾಳಗಳೂ ಮುಚ್ಚಿಕೊಳ್ಳುತ್ತವೆ. ಈ ಸಿಟ್ಟಿನ ಆಯುಸ್ಸು ಜೀವಕೋಶದೊಳಗೆ ಸೆಕೆಂಡಿನ ಲಕ್ಷದಲ್ಲೊಂದು ಪಾಲೂ ಇಲ್ಲ. ಒಂದು ಕೋಶದ ಅಗಲವನ್ನು ದಾಟುವ ಮೊದಲೇ ತಣ್ಣಗಾಗುತ್ತದೆ. ಹಾಗಾಗಿ ಬಣ್ಣ, ಬೆಳಕು, ಆಮ್ಲಜನಕ ಮೂರೂ ಕೂಡಿದ ಕಡೆಯಷ್ಟೇ ಹಾನಿ. ಚಿಕಿತ್ಸೆಯ ಚೆಲುವೆಲ್ಲ ಇರುವುದು ಇಲ್ಲಿಯೇ.

ಇನ್ನು ಬೆಳಕು ಮೈಯೊಳಗೆ ಹೋಗುವುದೆಷ್ಟು ದೂರ? ಮನೆಯಲ್ಲೇ ನೋಡಬಹುದು. ಕರೆಂಟು ಹೋದ ರಾತ್ರಿ ಟಾರ್ಚಿನ ಬಾಯಿಗೆ ಬೆರಳುಗಳನ್ನು ಒತ್ತಿ ಹಿಡಿಯಿರಿ. ಬಿಳಿ ಬೆಳಕು ಹಾಕಿದರೂ ಈಚೆ ಬರುವುದು ಕೆಂಪು ಮಾತ್ರ. ನೀಲಿ ಹಸಿರನ್ನೆಲ್ಲ ರಕ್ತ ನುಂಗಿಬಿಟ್ಟಿದೆ. ಸುಮಾರು 650ರಿಂದ 900 ನ್ಯಾನೋಮೀಟರ್ ತರಂಗಾಂತರದ ಕಡುಗೆಂಪು ಮತ್ತು ಅದರಾಚೆಯ ಅವಕೆಂಪು ಕಿರಣಗಳಿಗೆ ದೇಹ ಒಂದಿಷ್ಟು ಕಿಟಕಿ ತೆರೆಯುತ್ತದೆ. ಅದೂ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು. ಇದಕ್ಕಿಂತ ಆಳದ ಗಡ್ಡೆಗೆ ಕೂದಲೆಳೆಯಂಥ ಗಾಜಿನ ತಂತು ತೂರಿಸಿ ಬೆಳಕನ್ನು ಒಳಕ್ಕೆ ಒಯ್ಯಬೇಕು.

ಒಂದು ತಿಂಗಳ ಮರೆವಾಸ

ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞ ಥಾಮಸ್ ಡೌಘರ್ಟಿ 1970ರ ದಶಕದಲ್ಲಿ ಇದನ್ನು ಆಸ್ಪತ್ರೆಯ ಚಿಕಿತ್ಸೆಯನ್ನಾಗಿ ರೂಪಿಸಿದರು. ಮೊದಲು ಇಲಿಗಳು, 1978ರಲ್ಲಿ ರೋಗಿಗಳ ವರದಿ. 25 ಜನರ 113 ಗಡ್ಡೆಗಳಿಗೆ ಹೆಮಟೋಪಾರ್ಫಿರಿನ್‌ನ ಸುಧಾರಿತ ರೂಪ ಕೊಟ್ಟು ಕೆಂಪು ಬೆಳಕು ಬಿಟ್ಟಾಗ, ಎರಡನ್ನುಳಿದು ಮಿಕ್ಕೆಲ್ಲವೂ ಪೂರ್ತಿಯಾಗಿಯೋ ಭಾಗಶಃವೋ ಕುಗ್ಗಿದ್ದವು. ಆ ಔಷಧವೇ ಮುಂದೆ ಫೋಟೋಫ್ರಿನ್ ಎಂಬ ಹೆಸರು ಪಡೆದು, 1993ರಲ್ಲಿ ಕೆನಡಾದಲ್ಲಿ ಮೂತ್ರಕೋಶದ ಕ್ಯಾನ್ಸರಿಗೂ 1995ರಲ್ಲಿ ಅಮೆರಿಕದಲ್ಲಿ ಅನ್ನನಾಳದ ಕ್ಯಾನ್ಸರಿಗೂ ಒಪ್ಪಿಗೆ ಗಳಿಸಿತು. ತುತ್ತು ಇಳಿಯದಂತೆ ಅನ್ನನಾಳ ಕಟ್ಟಿಕೊಂಡವರಿಗೆ ಮತ್ತೆ ಗಂಜಿ ನುಂಗುವಂತಾಗುವುದು ಸಣ್ಣ ಮಾತಲ್ಲ.

ಆದರೆ ಅದಕ್ಕೆ ತೆರಬೇಕಾದ ಬೆಲೆ? ಚುಚ್ಚುಮದ್ದು ಕೊಟ್ಟು 40ರಿಂದ 50 ಗಂಟೆ ಕಾಯಬೇಕು. ಆಮೇಲೆ 630 ನ್ಯಾನೋಮೀಟರಿನ ಲೇಸರ್. ಅಲ್ಲಿಗೆ ಚಿಕಿತ್ಸೆ ಮುಗಿಯಿತು, ರೋಗಿಯ ಕಷ್ಟ ಮುಗಿಯಲಿಲ್ಲ. ಕನಿಷ್ಠ 30 ದಿನ ಬಿಸಿಲಿಗೆ ಬರುವಂತಿಲ್ಲ. ಪ್ರಖರ ದೀಪದ ಕೆಳಗೆ ನಿಲ್ಲುವಂತಿಲ್ಲ. ಬಿಸಿಲಿಗೆ ಹಚ್ಚುವ ಕ್ರೀಮು ಪ್ರಯೋಜನಕ್ಕೆ ಬರುವುದಿಲ್ಲ. ಅದು ತಡೆಯುವುದು ಅತಿನೇರಳೆಯನ್ನು, ಇಲ್ಲಿ ಕಾಡುವುದು ಕಣ್ಣಿಗೆ ಕಾಣುವ ಬೆಳಕೇ. ಹಾಗೆಂದು ಪೂರ್ತಿ ಕತ್ತಲಲ್ಲಿ ಕೂತರೂ ತಪ್ಪು. ಮನೆಯೊಳಗಿನ ಮಂದ ಬೆಳಕು ಚರ್ಮದಲ್ಲಿರುವ ಬಣ್ಣವನ್ನು ನಿಧಾನವಾಗಿ ಕೆಡಿಸಿ ಕರಗಿಸಬೇಕು. ಹೀಗೆ ತೀರಾ ಬೆಳಕೂ ಅಲ್ಲದ, ತೀರಾ ಕತ್ತಲೂ ಅಲ್ಲದ ಕೋಣೆಯಲ್ಲಿ ತಿಂಗಳು ಕಳೆಯಬೇಕಾದ ಮನುಷ್ಯನಿಗೆ ಕೆಲವೊಮ್ಮೆ ಬದುಕಿನಲ್ಲಿ ಉಳಿದಿರುವುದೇ ಕೆಲವು ತಿಂಗಳು. ಎಷ್ಟೋ ರೋಗಿಗಳಿಗೆ ಇದು ಒಪ್ಪಲಾಗದ ವ್ಯಾಪಾರವೆನಿಸಿದರೆ ಆಶ್ಚರ್ಯವೇನು?

ಗೊದಮೊಟ್ಟೆಗಳ ಚೀಲ

ಇಲ್ಲಿಗೆ ಜಿಡ್ಡಿನ ಪ್ರವೇಶ. ಲಿಪಿಡ್ ಎಂದರೆ ಕೊಬ್ಬಿನ ಬಳಗದ ವಸ್ತುಗಳು. ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಅಣುವನ್ನು ಎರಡು ಬಾಲದ ಗೊದಮೊಟ್ಟೆ ಎಂದು ಭಾವಿಸಿಕೊಳ್ಳಿ. ತಲೆಗೆ ನೀರೆಂದರೆ ಪ್ರೀತಿ, ಬಾಲಗಳಿಗೆ ನೀರೆಂದರೆ ಆಗದು. ಇಂಥ ಲಕ್ಷಾಂತರ ಅಣುಗಳನ್ನು ನೀರಿಗೆ ಬಿಟ್ಟರೆ ಏನಾಗಬೇಕು? ಯಾರೂ ಹೇಳಿಕೊಡದೆ ಅವು ಬಾಲಕ್ಕೆ ಬಾಲ ಕೊಟ್ಟು, ತಲೆಗಳನ್ನು ನೀರಿನ ಕಡೆ ಮಾಡಿಕೊಂಡು, ಎರಡು ಸಾಲಿನ ಪೊರೆಯಾಗಿ ನಿಲ್ಲುತ್ತವೆ. ಪೊರೆಯ ಅಂಚುಗಳೂ ಕೂಡಿ ಅದು ದುಂಡನೆಯ ಚೀಲವಾಗುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಂನಲ್ಲಿ ಆಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಹೊಸ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಈ ಚೀಲಗಳನ್ನು ಕಂಡರು. 1964ರಲ್ಲಿ ಅದು ಪ್ರಕಟವಾಯಿತು. ಸಹೋದ್ಯೋಗಿಗಳು ತಮಾಷೆಗೆ 'ಬ್ಯಾಂಗಸೋಮ್' ಎಂದರು. ಕೊನೆಗೆ ನಿಂತ ಹೆಸರು ಲೈಪೋಸೋಮ್. ಔಷಧ ತುಂಬಲು ಇದಕ್ಕಿಂತ ಒಳ್ಳೆಯ ಜೋಳಿಗೆ ಬೇಕೆ? ನೀರಿನಲ್ಲಿ ಕರಗುವ ಔಷಧವಾದರೆ ಒಳಗಿನ ಹೊಟ್ಟೆಯಲ್ಲಿ, ಎಣ್ಣೆಯಲ್ಲಿ ಕರಗುವುದಾದರೆ ಬಾಲಗಳ ನಡುವೆ. ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಹೀಗೆ ಚೀಲಕ್ಕೆ ತುಂಬಿದ 'ಡಾಕ್ಸಿಲ್' 1995ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕೋವಿಡ್ ಕಾಲದಲ್ಲಿ ಫೈಜರ್, ಮಾಡೆರ್ನಾ ಲಸಿಕೆಗಳ ಆರ್‌ಎನ್‌ಎ ಎಳೆಯನ್ನು ಜೋಪಾನವಾಗಿ ಕೋಶಕ್ಕೆ ಒಯ್ದದ್ದು ಇದೇ ಬಳಗದ ಇನ್ನೊಂದು ಬಗೆಯ ಲಿಪಿಡ್ ಕಣ.

ಬೆಳಕಿನ ಔಷಧಕ್ಕೂ ಲಿಪಿಡ್‌ನ ಹೊದಿಕೆ ಕೂಡಿಬಂದದ್ದು ಕಣ್ಣಿನ ಚಿಕಿತ್ಸೆಯಲ್ಲಿ. ವರ್ಟೆಪಾರ್ಫಿನ್ ಎಂಬ ಬಣ್ಣ ನೀರಿನಲ್ಲಿ ಕರಗದ ಹಟಮಾರಿ. ಅದನ್ನು ಲಿಪಿಡ್‌ನೊಂದಿಗೆ ಬೆರೆಸಿ ತಯಾರಿಸಿದ ಔಷಧಕ್ಕೆ 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವಯಸ್ಸಾದವರ ಅಕ್ಷಿಪಟಲದ ಹಿಂದೆ ಅಡ್ಡಾದಿಡ್ಡಿ ರಕ್ತನಾಳ ಬೆಳೆದು ದೃಷ್ಟಿ ಮಂಜಾಗುವ ಕಾಯಿಲೆಗೆ ಇದು. 10 ನಿಮಿಷ ಡ್ರಿಪ್, ಶುರುವಾಗಿ 15 ನಿಮಿಷಕ್ಕೆ ಕಣ್ಣಿಗೆ 689 ನ್ಯಾನೋಮೀಟರ್ ಕೆಂಪು ಬೆಳಕು, ಅದೂ ಕೇವಲ 83 ಸೆಕೆಂಡು. ಬಿಸಿಲಿನಿಂದ ದೂರವಿರಬೇಕಾದದ್ದು ತಿಂಗಳಲ್ಲ, 5 ದಿನ. ಕೆಲವೇ ವರ್ಷಗಳಲ್ಲಿ ಬೇರೆ ಚುಚ್ಚುಮದ್ದುಗಳು ಬಂದು ಇದನ್ನು ಬಹಳಮಟ್ಟಿಗೆ ಹಿಂದೆ ಸರಿಸಿದವು. ಆದರೂ ಬಣ್ಣ ಬದಲಾಯಿಸಿ ಹೊದಿಕೆ ಸರಿಮಾಡಿದರೆ ರೋಗಿಯ ಮರೆವಾಸ ಮೊಟಕಾಗುತ್ತದೆಂಬುದಕ್ಕೆ ಸಾಕ್ಷಿ ಸಿಕ್ಕಿತ್ತು.

ಚೀಲವೇ ಮದ್ದಾದಾಗ

ಅಲ್ಲಿಯತನಕ ಎಲ್ಲರ ತಲೆಯಲ್ಲಿದ್ದದ್ದು ಚೀಲ ಬೇರೆ, ಸಾಮಾನು ಬೇರೆ ಎಂಬ ಯೋಚನೆ. ಕೆನಡಾದ ಟೊರಾಂಟೊದಲ್ಲಿ ಗ್ಯಾಂಗ್ ಝೆಂಗ್ ಅವರ ಪ್ರಯೋಗಶಾಲೆಯಲ್ಲಿ ಆ ಗೋಡೆ ಬಿತ್ತು. ಅಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಜೊನಾಥನ್ ಲವೆಲ್ ಮತ್ತು ಸಂಗಡಿಗರು ಗೊದಮೊಟ್ಟೆಯ ಒಂದು ಬಾಲವನ್ನು ಕಿತ್ತು, ಆ ಜಾಗಕ್ಕೆ ಪಾರ್ಫಿರಿನ್ ಉಂಗುರವನ್ನೇ ಹೊಲಿದರು. ಉಂಗುರ ಬಂದದ್ದು ಸ್ಪಿರುಲಿನಾ ಪಾಚಿಯ ಪತ್ರಹರಿತ್ತಿನಿಂದ. ಮೈಸೂರಿನ ಸಿಎಫ್‌ಟಿಆರ್‌ಐ ಪೌಷ್ಟಿಕ ಆಹಾರವೆಂದು ಬೆಳೆಸುವ ವಿಧಾನ ರೂಪಿಸಿಕೊಟ್ಟದ್ದೂ ಇದೇ ಬಗೆಯ ಪಾಚಿಗೇ. ಹೀಗೆ ಹೊಲಿದ ಅಣುಗಳನ್ನು ನೀರಿಗೆ ಬಿಟ್ಟಾಗ ಅವು ಎಂದಿನಂತೆ ಚೀಲವಾದವು. 2011ರಲ್ಲಿ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹೆಸರು ಪಾರ್ಫಿಸೋಮ್. ಅಗಲ ಸುಮಾರು 100 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಮೇಲೆ ಸಾಲಾಗಿ ಎಪ್ಪತ್ತನ್ನು ಜೋಡಿಸಬಹುದು. ಅಷ್ಟು ಪುಟ್ಟ ಕಣವೊಂದರಲ್ಲಿ ಸುಮಾರು 80,000 ಪಾರ್ಫಿರಿನ್ ಉಂಗುರಗಳು.

ಈ ಇಕ್ಕಟ್ಟೇ ಅದರ ಮಹಿಮೆ. ಜಾತ್ರೆಯ ದಿನ ಬಸ್ಸು ಹತ್ತಿದವರು ನೆನಪಿಸಿಕೊಳ್ಳಿ. ಕೈ ಎತ್ತಲಾಗದು, ಕಾಲು ಆಡಿಸಲಾಗದು. ಒಳಗೆ ಏರುವುದೆಂದರೆ ಬರೀ ಸೆಕೆ. ಪಾರ್ಫಿಸೋಮ್‌ನೊಳಗಿನ ಉಂಗುರಗಳ ಸ್ಥಿತಿಯೂ ಅದೇ. ಬೆಳಕು ಹೀರಿದರೂ ಪಕ್ಕದವರ ಒತ್ತಡದಲ್ಲಿ ಅವು ಮಿನುಗಲಾರವು, ಆಮ್ಲಜನಕವನ್ನು ರೇಗಿಸಲಾರವು. ಹೀರಿದ ಶಕ್ತಿಯೆಲ್ಲ ಶಾಖವಾಗುತ್ತದೆ. ಬಸ್ಸು ಗಡ್ಡೆಯ ಊರಿಗೆ ಹೋಗಿ ಜನ ಇಳಿದ ಮೇಲೆ, ಅಂದರೆ ಕೋಶಗಳೊಳಗೆ ಚೀಲ ಹರಿದು ಉಂಗುರಗಳು ಬಿಡಿಬಿಡಿಯಾದ ಮೇಲೆ, ಅವಕ್ಕೆ ಕೈಕಾಲು ಬರುತ್ತದೆ. ಬೆಳಕು ಬಿಟ್ಟರೆ ಕೆಂಪಗೆ ಮಿನುಗಿ 'ಇಲ್ಲಿದೆ ಗಡ್ಡೆ' ಎಂದು ಶಸ್ತ್ರವೈದ್ಯನಿಗೆ ತೋರಿಸುತ್ತವೆ. ಇನ್ನಷ್ಟು ಬೆಳಕಿಗೆ ಸಿಂಗ್ಲೆಟ್ ಆಮ್ಲಜನಕ ಹುಟ್ಟಿಸಿ ಕೊಲ್ಲುತ್ತವೆ.

ಇಡಿಯಾಗಿರುವಾಗಲೂ ಕಣ ಸುಮ್ಮನೆ ಕೂರುವುದಿಲ್ಲ. ಗಡ್ಡೆ ಬೆಳೆಸಿದ ಇಲಿಗಳಿಗೆ ಪಾರ್ಫಿಸೋಮ್ ಚುಚ್ಚಿ ಲೇಸರ್ ಬಿಟ್ಟಾಗ ಒಂದು ನಿಮಿಷದಲ್ಲಿ ಗಡ್ಡೆಯ ತಾಪ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಗಡ್ಡೆ ಬೆಂದುಹೋಯಿತು. ಲೇಸರ್ ಮಾತ್ರ ಪಡೆದ ಇಲಿಗಳಲ್ಲಿ ಅದು ಬೆಳೆಯುತ್ತಲೇ ಇತ್ತು. ಇನ್ನೊಂದು ಉಪಯೋಗ ಅಲೆಗ್ಸಾಂಡರ್ ಗ್ರಹಾಂ ಬೆಲ್‌ನ ಕಾಲದ್ದು. ಬಿಟ್ಟು ಬಿಟ್ಟು ಬೆಳಕು ಹಾಯಿಸಿದರೆ ವಸ್ತು ಕಾದು ಹಿಗ್ಗಿ, ಆರಿ ಕುಗ್ಗಿ, ಸದ್ದು ಮಾಡುತ್ತದೆಂದು ಆತ 1880ರಲ್ಲೇ ಕಂಡಿದ್ದ. ಪಾರ್ಫಿಸೋಮ್‌ಗೆ ಲೇಸರಿನ ಚಿಟಿಕೆ ಹೊಡೆದರೆ ಅದೂ ಹೀಗೆ ಸದ್ದು ಮಾಡುತ್ತದೆ. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ಸ್ಕ್ಯಾನಿಂಗ್ ಯಂತ್ರದಂಥ ಸಾಧನ ಹಿಡಿದು ಚಿತ್ರ ಮಾಡುತ್ತದೆ. ಬೆಳಕು ಚದುರಿಹೋಗುವ ಆಳದಿಂದಲೂ ಸದ್ದು ಸುರಕ್ಷಿತವಾಗಿ ಬರುತ್ತದೆ. ಉಂಗುರದ ನಡುವಿನ ಖಾಲಿ ಜಾಗಕ್ಕೆ ವಿಕಿರಣ ಸೂಸುವ ತಾಮ್ರ-64 ಕೂರಿಸಿದರೆ ಪೆಟ್ ಸ್ಕ್ಯಾನಿನಲ್ಲೂ ಅದರ ಜಾಡು ಹಿಡಿಯಬಹುದು. ಹುಡುಕುವುದು, ತೋರಿಸುವುದು, ಕೊಲ್ಲುವುದು: ಮೂರಕ್ಕೂ ಒಂದೇ ಕಣ.

ಲವೆಲ್ ಮುಂದೆ ಬಫಲೋ ವಿಶ್ವವಿದ್ಯಾಲಯಕ್ಕೆ ಹೋದರು, ಡೌಘರ್ಟಿಯವರ ಊರಿಗೇ. ಪಾರ್ಫಿರಿನ್ ಹೊಲಿದ ಅಣುಗಳನ್ನು ಸ್ವಲ್ಪವೇ ಬೆರೆಸಿದ ಲೈಪೋಸೋಮ್‌ಗೆ ಕಡುಗೆಂಪು ಬೆಳಕು ತಾಗಿದರೆ ಪೊರೆ ಸಡಿಲಗೊಂಡು ಒಳಗಿನ ಔಷಧ ಹೊರಬರುತ್ತದೆಂದು 2014ರಲ್ಲಿ ಅವರ ತಂಡ ತೋರಿಸಿತು. ಅಲ್ಲಿ ಬೆಳಕು ಕೊಲ್ಲುವುದಕ್ಕಿಂತ ಹೆಚ್ಚಾಗಿ ಬೀಗದ ಕೈಯ ಕೆಲಸ ಮಾಡುತ್ತದೆ. ನಡುವೆ ಕೋಬಾಲ್ಟ್ ಕೂರಿಸಿದ ಅದೇ ಬಗೆಯ ಅಣು ಮುಂದೆ ದಕ್ಷಿಣ ಕೊರಿಯಾದ ಒಂದು ಕೋವಿಡ್ ಲಸಿಕೆಯ ಪ್ರಯೋಗಕ್ಕೂ ಬಳಕೆಯಾಯಿತು. ಕ್ಯಾನ್ಸರಿಗೆಂದು ಹೊಲಿದ ಅಂಗಿ ಇನ್ನಾರಿಗೋ ಒಪ್ಪಿತು.

ನೂರಕ್ಕೆ ಒಂದೂ ಇಲ್ಲ

ಇಷ್ಟು ಓದಿದ ತಂದೆತಾಯಿಯರು, ಹಾಗಾದರೆ ಕ್ಯಾನ್ಸರಿಗೆ ಮದ್ದು ಸಿಕ್ಕಿತೆ ಎಂದು ಕೇಳಿದರೆ ತಪ್ಪಿಲ್ಲ. ಇಲಿಯಿಂದ ಮನುಷ್ಯನಿಗೆ ಇರುವ ದಾರಿ ಉದ್ದ. ಮೊದಲ ತೊಡಕನ್ನು ಲೆಕ್ಕ ಹಾಕಿ ತೋರಿಸಿದವರು ಅದೇ ಟೊರಾಂಟೊದವರು.

ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಕಟ್ಟಡದಂತೆ, ಸಂದಿಗೊಂದಿಗಳು ಜಾಸ್ತಿ. ದೊಡ್ಡ ಅಣುಗಳು ಆ ಸಂದಿಗಳಿಂದ ಸೋರಿ ಗಡ್ಡೆಯಲ್ಲಿ ಉಳಿದುಕೊಳ್ಳುತ್ತವೆಂದು ಜಪಾನಿನ ಮತ್ಸುಮುರಾ ಮತ್ತು ಮಯೇಡಾ 1986ರಲ್ಲಿ ಹೇಳಿದ್ದರು. ನ್ಯಾನೋ ಔಷಧಗಳ ಉತ್ಸಾಹವೆಲ್ಲ ಬಹುಕಾಲ ನಿಂತದ್ದು ಈ ನಂಬಿಕೆಯ ಮೇಲೆ. ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳಲ್ಲಿ ಪ್ರಕಟವಾದ ಪ್ರಯೋಗಗಳನ್ನೆಲ್ಲ ಗುಡ್ಡೆಹಾಕಿ ಲೆಕ್ಕ ತೆಗೆಯಿತು. 2016ರಲ್ಲಿ ಬಂದ ಉತ್ತರ ಎಲ್ಲರನ್ನೂ ಮೆತ್ತಗಾಗಿಸಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪುವುದು ನೂರಕ್ಕೆ 0.7ರಷ್ಟು; ಅದೂ ಪ್ರಾಣಿಗಳಲ್ಲಿ. ಮಿಕ್ಕವನ್ನು ಹೆಚ್ಚಾಗಿ ಪಿತ್ತಜನಕಾಂಗ, ಗುಲ್ಮಗಳು ಹಿಡಿದುಹಾಕುತ್ತವೆ. ಮನುಷ್ಯರಲ್ಲಂತೂ ಒಬ್ಬರ ಗಡ್ಡೆಯಂತೆ ಇನ್ನೊಬ್ಬರದ್ದಿಲ್ಲ.

ಗಡ್ಡೆಯ ಒಡಲಲ್ಲಿ ಆಮ್ಲಜನಕದ ಬರ ಎರಡನೆಯ ತೊಡಕು. ಆಮ್ಲಜನಕವಿಲ್ಲದೆ ಸಿಂಗ್ಲೆಟ್ ಎಲ್ಲಿಂದ ಬರಬೇಕು? ಇಡೀ ಪಾರ್ಫಿಸೋಮ್‌ನ ಶಾಖಕ್ಕೆ ಆಮ್ಲಜನಕದ ಹಂಗಿಲ್ಲದಿರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಇನ್ನು ಮೈಯೆಲ್ಲ ಹರಡಿದ ಕ್ಯಾನ್ಸರಿನ ಮುಂದೆ ಈ ಚಿಕಿತ್ಸೆ ಕೈಚೆಲ್ಲುತ್ತದೆ. ಮೈಯೆಲ್ಲ ಬೆಳಕು ಬಿಡುವುದಾದರೆ ಔಷಧಕ್ಕೂ ವಿಷಕ್ಕೂ ವ್ಯತ್ಯಾಸ ಎಲ್ಲಿ? ಹಾಗಾಗಿ 'ನ್ಯಾನೋ' ಎಂಬ ಹೆಸರು ಅಂಟಿಸಿಕೊಂಡು ಎಲ್ಲ ಕ್ಯಾನ್ಸರನ್ನೂ ಗುಣಪಡಿಸುತ್ತೇವೆಂಬ ಜಾಹೀರಾತು ಕಂಡು, ನಡೆಯುತ್ತಿರುವ ಚಿಕಿತ್ಸೆ ಬಿಟ್ಟು ಅಲ್ಲಿಗೆ ಓಡಿದವರು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ, ಮರಳಿ ಬಾರದ ತಿಂಗಳುಗಳನ್ನು.

ಬೇರೆ ಜಾಡು ಹಿಡಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಖಿಲ್ ಚಕ್ರವರ್ತಿ ಅವರ ತಂಡ ಕಬ್ಬಿಣ, ತಾಮ್ರ, ವೆನೇಡಿಯಂನಂಥ ಲೋಹಗಳ ಸಂಯುಕ್ತಗಳನ್ನು ತಯಾರಿಸಿ, ಕೆಂಪು ಬೆಳಕಿನಲ್ಲಿ ಅವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ರಸಾಯನಶಾಸ್ತ್ರ ತೆಗೆದುಕೊಂಡರೆ ಬಣ್ಣದ ಕಾರ್ಖಾನೆಯೋ ಮೇಷ್ಟರ ಕೆಲಸವೋ ಎಂದು ಚಿಂತಿಸುವ ಮನೆಗಳಲ್ಲಿ ಇದನ್ನೊಮ್ಮೆ ಪ್ರಸ್ತಾಪಿಸಬಹುದು.

ಅಲೀಗಢದ ಪುಟ್ಟ ದೀಪ

ನಮ್ಮ ದೇಶಕ್ಕೆ ಈ ಚಿಕಿತ್ಸೆ ಹೆಚ್ಚು ಹೊಂದುವುದು ಬಾಯಿಯ ಕ್ಯಾನ್ಸರಿಗೆ. ಹೊಗೆಸೊಪ್ಪು, ಗುಟ್ಕಾಗಳ ಕೃಪೆಯಿಂದ ಅದು ಇಲ್ಲಿ ಮನೆಮಾತಾದ ರೋಗ. ಬಾಯಿ ತೆರೆದರೆ ಕಾಣುವ ಜಾಗ. ಬೆಳಕು ಒಯ್ಯಲು ಹೊಟ್ಟೆ ಕೊಯ್ಯಬೇಕಿಲ್ಲ. ಶಸ್ತ್ರಚಿಕಿತ್ಸೆಯಾದರೆ ಕೆನ್ನೆ, ನಾಲಿಗೆಯ ಭಾಗ ಹೋಗಿ ಮಾತು, ಊಟ ಎರಡೂ ಕಷ್ಟವಾಗಬಹುದು. ಬೆಳಕಿನ ಗಾಯ ಮಾಯ್ದರೆ ಅಂಥ ವಿಕಾರ ಕಡಿಮೆ. ಅಡ್ಡಿಯೆಂದರೆ ಲೇಸರ್ ಯಂತ್ರದ ಬೆಲೆ ಮತ್ತು ಯಾವಾಗ ಹೋಗುತ್ತದೋ ತಿಳಿಯದ ಕರೆಂಟು.

ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಮ್ಯಾಸಚೂಸೆಟ್ಸ್‌ನ ತಯ್ಯಬಾ ಹಸನ್, ಜೊನಾಥನ್ ಸೆಲ್ಲಿ ಅವರ ತಂಡಗಳ ಜತೆಗೂಡಿ ಇದಕ್ಕೆ ಅಗ್ಗದ ದಾರಿ ಹುಡುಕಿದರು. ಲೇಸರಿನ ಬದಲು 635 ನ್ಯಾನೋಮೀಟರಿನ ಕೆಂಪು ಎಲ್‌ಇಡಿ ದೀಪ. ಅದಕ್ಕೆ ಬ್ಯಾಟರಿ ಸಾಕು. ಬೆಳಕನ್ನು ಬಾಯಿಯೊಳಗೆ ಒಯ್ಯಲು ಗಾಜಿನ ತಂತು, ತಂತುವನ್ನು ಗಡ್ಡೆಯ ಮೇಲೆ ಕದಲದಂತೆ ಹಿಡಿಯಲು 3ಡಿ ಮುದ್ರಣದಲ್ಲಿ ಮಾಡಿದ ಹಿಡಿಕೆಗಳು. ಕ್ಯಾಮೆರಾ? ಸ್ಮಾರ್ಟ್‌ಫೋನಿನದೇ.

ಇಲ್ಲಿ ಲಿಪಿಡ್ ಕಣವಿಲ್ಲ. ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಕೆನೆಡಿ ಮತ್ತು ಪಾಟಿಯೆ 1990ರಲ್ಲಿ ತೋರಿಸಿದ ಉಪಾಯವನ್ನೇ ಬಳಸಿದ್ದಾರೆ. ಹೀಮ್ ತಯಾರಿಸಲು ದೇಹ ಬಳಸುವ ಕಚ್ಚಾವಸ್ತು ಅಮೈನೊಲೆವುಲಿನಿಕ್ ಆಮ್ಲ. ಅದನ್ನು ಹೊರಗಿನಿಂದ ಹೆಚ್ಚಾಗಿ ಕೊಟ್ಟರೆ ಕ್ಯಾನ್ಸರ್ ಕೋಶಗಳಲ್ಲಿ ಕೊನೆಯ ಹಂತದ ಹಿಂದಿನ ಸರಕು, ಅಂದರೆ ಇನ್ನೂ ಕಬ್ಬಿಣ ಕೂರದ ಪಾರ್ಫಿರಿನ್ ಉಂಗುರ, ಗುಡ್ಡೆಬೀಳುತ್ತದೆ. ನೀಲಿ ಬೆಳಕಿಗೆ ಅದು ಕೆಂಪಾಗಿ ಹೊಳೆಯುತ್ತದೆ. ಮಿದುಳಿನ ಗಡ್ಡೆ ತೆಗೆಯುವ ಶಸ್ತ್ರವೈದ್ಯರಿಗೆ ಗಡ್ಡೆಯ ಅಂಚು ತೋರಿಸಲು ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದದ್ದೂ ಇದೇ ಆಮ್ಲ.

ಅಲೀಗಢದಲ್ಲಿ ರೋಗಿ ಈ ಆಮ್ಲವನ್ನು ಚುಚ್ಚಿಸಿಕೊಳ್ಳಬೇಕಿಲ್ಲ, ಕುಡಿದರಾಯಿತು. ಕೆಲವು ಗಂಟೆ ಕಳೆದ ಮೇಲೆ ಬಾಯಿಗೆ ನೀಲಿ ಬೆಳಕು ಬಿಟ್ಟು ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಕೆಂಪಗೆ ಹೊಳೆಯುವಷ್ಟು ಜಾಗಕ್ಕೆ ಕೆಂಪು ದೀಪ ಹಿಡಿಯುತ್ತಾರೆ. ಮತ್ತೆ ಚಿತ್ರ ತೆಗೆದಾಗ ಹೊಳಪು ಮಾಸಿದ್ದರೆ ಬಣ್ಣ ತನ್ನ ಕೆಲಸ ಮಾಡಿದೆಯೆಂದು ಅರ್ಥ. ಇನ್ನೂ ಸಣ್ಣದಾಗಿದ್ದ, ಆರಂಭದ ಹಂತದ ಗಡ್ಡೆಗಳಿಗೆ ಮಾತ್ರ ಸುಮಾರು ಮೂವತ್ತು ಜನರಲ್ಲಿ ಇದನ್ನು ಮಾಡಿ ನೋಡಿದರು. ಹೆಚ್ಚಿನವರಲ್ಲಿ ಗಡ್ಡೆ ಕರಗಿತು. ಮನೆಗೆ ಹೋದ ಮೇಲೆ ಅವರು ಬಿಸಿಲಿಗೆ ಬಾರದೆ ಇರಬೇಕಾದದ್ದು ಒಂದೆರಡು ದಿನ ಮಾತ್ರ.